ಇದಕ್ಕಿಂತ ಬೇಗ ಆಗೋದಿಲ್ವಾ?

ಅಲ್ಗಾರಿದಮ್ ಕ್ಲಾಸಿಗೆ ಮೊದಲ ದಿನ ಬರುವವರು ಲ್ಯಾಪ್‌ಟಾಪ್ ತೆರೆದುಕೊಂಡೇ ಕೂತಿರುತ್ತಾರೆ. ನಾನೂ ಹಾಗೇ ಕೂತಿದ್ದೆ. ಕೋಡ್ ಬರೆಯುವುದನ್ನು ಇನ್ನಷ್ಟು ಚೆನ್ನಾಗಿ ಹೇಳಿಕೊಡುತ್ತಾರೆ ಅಂದುಕೊಂಡಿದ್ದೆ. ಮೊದಲ ಅಸೈನ್‌ಮೆಂಟ್ ಕೈಗೆ ಬಂತು. ಐದು ಪ್ರಶ್ನೆ. ಒಂದರಲ್ಲೂ ಕೋಡ್ ಕೇಳಿರಲಿಲ್ಲ. ಎಲ್ಲದರ ಕೊನೆಯಲ್ಲೂ ಒಂದೇ ಮಾತು: ನಿಮ್ಮ ಉತ್ತರ ಸರಿ ಎಂದು ಸಾಧಿಸಿ. ಲ್ಯಾಪ್‌ಟಾಪ್ ಮುಚ್ಚಿ ಪೆನ್ನು ಹುಡುಕಿದೆ.

ಆ ಸೆಮಿಸ್ಟರ್ ಪೂರ್ತಿ ಕೇಳಿದ್ದು ಎರಡೇ ಪ್ರಶ್ನೆ ಅಂತ ಈಗ ಅನಿಸುತ್ತದೆ. ಈ ಕೆಲಸವನ್ನು ಬೇಗ ಮಾಡುವ ದಾರಿ ಯಾವುದು? ಇದು ಮೊದಲನೆಯದು. ಅದಕ್ಕೆ ಅಲ್ಗಾರಿದಮ್ ಡಿಸೈನ್ ಅಂತ ಹೆಸರು. ಇದಕ್ಕಿಂತ ಬೇಗ ಆಗೋದೇ ಇಲ್ವಾ? ಇದು ಎರಡನೆಯದು. ಅದು ಕಾಂಪ್ಲೆಕ್ಸಿಟಿ. ಮೊದಲನೆಯದಕ್ಕೆ ಒಂದು ದಾರಿ ತೋರಿಸಿದರೆ ಸಾಕು. ಎರಡನೆಯದಕ್ಕೆ ಎಲ್ಲ ದಾರಿಗಳ ಬಗ್ಗೆಯೂ ಮಾತಾಡಬೇಕು, ಇನ್ನೂ ಯಾರ ತಲೆಗೂ ಹೊಳೆಯದ ದಾರಿಗಳೂ ಸೇರಿ. ಈ ಕೋರ್ಸು ಹೆಚ್ಚಿನವರಿಗೆ ಕಷ್ಟ ಆಗುವುದು ಇಲ್ಲೇ. ಗಣಿತ ಬರುವುದಿಲ್ಲ ಅಂತಲ್ಲ, ಈ ಥರದ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರುವುದಿಲ್ಲ.

ಒಂದು ಉದಾಹರಣೆ ಕೊನೆತನಕ ಜೊತೆಗಿರಲಿ. ವಿಶ್ವವಿದ್ಯಾಲಯದ ಪರೀಕ್ಷೆಗೆ ಟೈಮ್‌ಟೇಬಲ್ ಮಾಡಬೇಕು. ಒಬ್ಬನೇ ವಿದ್ಯಾರ್ಥಿ ಎರಡು ಸಬ್ಜೆಕ್ಟ್ ತೆಗೆದುಕೊಂಡಿದ್ದರೆ ಆ ಎರಡನ್ನೂ ಒಂದೇ ಹೊತ್ತಿಗೆ ಇಡುವಂತಿಲ್ಲ, ಕ್ಲ್ಯಾಶ್ ಆಗುತ್ತದೆ. ಯಾವುದಕ್ಕೂ ಯಾವುದೂ ಕ್ಲ್ಯಾಶ್ ಆಗದಂತೆ, ಆದಷ್ಟು ಕಡಿಮೆ ಸ್ಲಾಟ್‌ಗಳಲ್ಲಿ ಪರೀಕ್ಷೆ ಮುಗಿಸಬೇಕು. ಕೇಳೋಕೆ ಆಫೀಸಿನ ಸಾಮಾನ್ಯ ಕೆಲಸದ ಥರ ಇದೆ, ಅಲ್ವಾ? ನೋಡೋಣ.

ಹೆಜ್ಜೆ ಎಣಿಸುವುದು

ಒಂದು ವಿಧಾನ ಬೇಗನೋ ನಿಧಾನವೋ ಅಂತ ಹೇಳುವುದು ಹೇಗೆ? ಗಡಿಯಾರ ಹಿಡಿದು ನೋಡಬಹುದು. ಆದರೆ ನನ್ನ ಕಂಪ್ಯೂಟರ್ ಬೇರೆ, ನಿಮ್ಮದು ಬೇರೆ. ಮುಂದಿನ ವರ್ಷ ಇಬ್ಬರ ಹತ್ತಿರವೂ ಹೊಸದು ಬಂದಿರುತ್ತದೆ. ಅದಕ್ಕೇ ಸೆಕೆಂಡು ಬಿಟ್ಟು ಹೆಜ್ಜೆ ಎಣಿಸುತ್ತಾರೆ. ಅದರಲ್ಲೂ ಮುಖ್ಯವಾಗಿ ನೋಡುವುದು, ಇನ್‌ಪುಟ್ ದೊಡ್ಡದಾಗುತ್ತಾ ಹೋದಂತೆ ಹೆಜ್ಜೆಗಳು ಯಾವ ರೀತಿ ಏರುತ್ತವೆ ಅನ್ನುವುದನ್ನು. ಇನ್‌ಪುಟ್ಟಿನ ಗಾತ್ರಕ್ಕೆ ಎನ್ ಅನ್ನುವುದು ರೂಢಿ.

10 ಲಕ್ಷ ಹೆಸರುಗಳ ಪಟ್ಟಿ ಇದೆ ಅಂದುಕೊಳ್ಳಿ. ಯಾವುದಾದರೂ ಹೆಸರು ಎರಡು ಸಲ ಬಂದಿದೆಯಾ ಅಂತ ಹುಡುಕಬೇಕು. ಪ್ರತಿ ಹೆಸರನ್ನೂ ಉಳಿದ ಎಲ್ಲದರ ಜೊತೆ ಹೋಲಿಸಿದರೆ ಸುಮಾರು 50,000 ಕೋಟಿ ಹೋಲಿಕೆ ಬೇಕು. ಸೆಕೆಂಡಿಗೆ 100 ಕೋಟಿ ಹೆಜ್ಜೆ ಹಾಕುವ ಯಂತ್ರಕ್ಕೂ ಎಂಟು ನಿಮಿಷದ ಮೇಲೆ ಹಿಡಿಯುತ್ತದೆ. ಮೊದಲು ಪಟ್ಟಿಯನ್ನು ಅಕ್ಷರಕ್ರಮದಲ್ಲಿ ಜೋಡಿಸಿಕೊಂಡರೆ? ಒಂದೇ ಥರದ ಹೆಸರುಗಳು ತಾವಾಗಿಯೇ ಅಕ್ಕಪಕ್ಕ ಬಂದು ನಿಲ್ಲುತ್ತವೆ. ಪಕ್ಕದವುಗಳನ್ನು ಮಾತ್ರ ನೋಡಿದರೆ ಆಯಿತು. ಜೋಡಿಸುವುದಕ್ಕೆ ಸುಮಾರು 2 ಕೋಟಿ ಹೆಜ್ಜೆ. ಸೆಕೆಂಡಿನ ಐವತ್ತನೇ ಒಂದು ಪಾಲು. ಯಂತ್ರ ಅದೇ, ಯೋಚನೆ ಮಾತ್ರ ಬೇರೆ.

ಮೊದಲನೆಯದು ಎನ್ ವರ್ಗದ ಲೆಕ್ಕದಲ್ಲಿ ಏರುತ್ತದೆ, ಎರಡನೆಯದು ಎನ್ ಲಾಗ್ ಎನ್ ಲೆಕ್ಕದಲ್ಲಿ. ಲಾಗ್ ಎನ್ ಅಂದರೆ ಇಲ್ಲಿ, ಎನ್ ಅನ್ನು ಎಷ್ಟು ಸಲ ಅರ್ಧ ಮಾಡಿದರೆ 1ಕ್ಕೆ ಇಳಿಯುತ್ತದೋ ಅಷ್ಟು; 10 ಲಕ್ಷಕ್ಕೆ ಸುಮಾರು 20. ಇದನ್ನು ಬರೆಯಲು ಬಳಸುವ ಬಿಗ್ ಓ ಗುರುತನ್ನು ಜರ್ಮನಿಯ ಗಣಿತಜ್ಞ ಪಾಲ್ ಬಾಕ್‌ಮನ್ 1894ರಲ್ಲಿ ಸಂಖ್ಯಾಸಿದ್ಧಾಂತದ ಕೆಲಸಕ್ಕೆ ಅಂತ ತಂದರು. ಕಂಪ್ಯೂಟರ್ ಕ್ಷೇತ್ರದಲ್ಲಿ ಅದನ್ನು ಗಟ್ಟಿಯಾಗಿ ನೆಲೆಗೊಳಿಸಿದವರು ಡೊನಾಲ್ಡ್ ಕನೂತ್. ಈ ಗುರುತು ಅರ್ಧ, ಮೂರು ಪಟ್ಟು, ನೂರು ಪಟ್ಟು ಇಂಥವನ್ನೆಲ್ಲ ಬಿಟ್ಟುಬಿಡುತ್ತದೆ. ‘ನೂರು ಪಟ್ಟು ಅಂದರೆ ಸಣ್ಣ ವ್ಯತ್ಯಾಸವಾ ಸಾರ್?’ ಅಂತ ಪ್ರತಿ ಕ್ಲಾಸಿನಲ್ಲೂ ಯಾರಾದರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಕೆಲಸದ ಜಾಗದಲ್ಲಿ ನೂರು ಪಟ್ಟು ಅಂದರೆ ತುಂಬಾ ದೊಡ್ಡದು. ಆದರೆ ಏರಿಕೆಯ ರೀತಿಯೇ ಬೇರೆ ಇದ್ದಾಗ ಎನ್ ದೊಡ್ಡದಾಗುತ್ತಿದ್ದಂತೆ ಆ ನೂರು ಪಟ್ಟು ಎಲ್ಲೋ ಮುಳುಗಿಹೋಗುತ್ತದೆ.

ಟೈಮ್‌ಟೇಬಲ್‌ಗೆ ಬರೋಣ. 40 ಸಬ್ಜೆಕ್ಟ್, 3 ಸ್ಲಾಟ್. ಸಾಧ್ಯ ಇರುವ ಎಲ್ಲ ಹಂಚಿಕೆಗಳನ್ನೂ ಒಂದೊಂದಾಗಿ ನೋಡಿದರೆ 40 ಮೂರುಗಳನ್ನು ಒಂದಕ್ಕೊಂದು ಗುಣಿಸಿದಷ್ಟು ಆಗುತ್ತದೆ. ಅದೇ ಯಂತ್ರಕ್ಕೆ ಸುಮಾರು 385 ವರ್ಷದ ಕೆಲಸ. ಸಾವಿರ ಪಟ್ಟು ವೇಗದ ಯಂತ್ರ ತಂದರೆ? ಎನ್ ವರ್ಗದ ಕೆಲಸವಾಗಿದ್ದರೆ ಅಷ್ಟೇ ಸಮಯದಲ್ಲಿ 31 ಪಟ್ಟು ದೊಡ್ಡ ಇನ್‌ಪುಟ್ ಮುಗಿಸಬಹುದಿತ್ತು. ಇಲ್ಲಿ ಸಿಗುವುದು ಆರು ಸಬ್ಜೆಕ್ಟ್ ಜಾಸ್ತಿ. ಆರು ಪಟ್ಟು ಅಲ್ಲ, ಬರೀ ಆರು ಸಬ್ಜೆಕ್ಟ್. ಎನ್ ಘಾತದ ಜಾಗಕ್ಕೆ ಏರಿತು ಅಂದರೆ ಯಂತ್ರಕ್ಕೆ ಎಷ್ಟು ದುಡ್ಡು ಸುರಿದರೂ ಪ್ರಯೋಜನ ಇಲ್ಲ.

ಹೀಗಾಗಿ ಒಂದು ಗೆರೆ ಬೇಕಾಯಿತು. 1960ರ ದಶಕದ ಮಧ್ಯದಲ್ಲಿ ಆಲನ್ ಕೋಬಮ್, ಜಾಕ್ ಎಡ್ಮಂಡ್ಸ್ ಇಬ್ಬರೂ ಬೇರೆ ಬೇರೆಯಾಗಿ ಅದನ್ನು ಎಳೆದರು. ಎನ್, ಎನ್ ವರ್ಗ, ಎನ್ ಘನ ಹೀಗೆ ಯಾವುದೋ ಒಂದು ನಿಗದಿಯಾದ ಘಾತದೊಳಗೆ ಮುಗಿದರೆ ಅದು ಒಳ್ಳೆಯ ವಿಧಾನ. ಇದಕ್ಕೆ ಪಾಲಿನಾಮಿಯಲ್ ಟೈಮ್ ಅನ್ನುತ್ತಾರೆ. ಇಂಥ ವಿಧಾನ ಇರುವ ಪ್ರಶ್ನೆಗಳ ಗುಂಪಿಗೆ ಪಿ ಅಂತ ಹೆಸರು. ಎನ್‌ನ ನೂರನೇ ಘಾತವೂ ಒಳ್ಳೆಯದಾ ಅಂತ ಕೇಳಬಹುದು. ಕಾಗದದ ಮೇಲೆ ಹೌದು. ನಿಜವಾಗಿ ಎದುರಾಗುವ ಪ್ರಶ್ನೆಗಳಲ್ಲಿ ಘಾತ ಸಾಮಾನ್ಯವಾಗಿ ಚಿಕ್ಕದೇ ಇರುತ್ತದೆ, ಅದಕ್ಕೇ ಈ ಗೆರೆ ಉಳಿದುಕೊಂಡಿದೆ.

ಇಲ್ಲೊಂದು ಹೊಂಡ ಇದೆ, ತುಂಬಾ ಜನ ಬೀಳುತ್ತಾರೆ. ಇನ್‌ಪುಟ್ ಒಂದು ಸಂಖ್ಯೆಯೇ ಆಗಿದ್ದರೆ ಅದರ ಗಾತ್ರ ಎಷ್ಟು? ಸಂಖ್ಯೆಯ ಬೆಲೆ ಅಲ್ಲ, ಅದನ್ನು ಬರೆಯಲು ಬೇಕಾದ ಅಂಕೆಗಳು. 200 ಅಂಕೆಯ ಸಂಖ್ಯೆಯ ಗಾತ್ರ 200. ಅದರ ಅಪವರ್ತನಗಳನ್ನು 2, 3, 4 ಅಂತ ಒಂದೊಂದರಿಂದ ಭಾಗಿಸುತ್ತಾ ಹುಡುಕಲು ಹೊರಟರೆ, ಒಂದರ ಮುಂದೆ ನೂರು ಸೊನ್ನೆ ಇಟ್ಟಷ್ಟು ಭಾಗಾಕಾರ ಬೇಕಾಗಬಹುದು. ಅಂಥದ್ದೇ ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ ಕೇಳಿದರೆ? ಯೂಕ್ಲಿಡ್ ಹೇಳಿದ ವಿಧಾನ ಇದೆ: ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಶೇಷ ಹಿಡಿದು ಮತ್ತೆ ಭಾಗಿಸಿ. 252 ಮತ್ತು 105 ತೆಗೆದುಕೊಳ್ಳಿ. ಶೇಷ 42, ಆಮೇಲೆ 21, ಆಮೇಲೆ ಸೊನ್ನೆ. ಉತ್ತರ 21. ಈ ವಿಧಾನಕ್ಕೆ ಬೇಕಾಗುವ ಭಾಗಾಕಾರಗಳು ಚಿಕ್ಕ ಸಂಖ್ಯೆಯ ಅಂಕೆಗಳ ಐದು ಪಟ್ಟನ್ನು ಎಂದೂ ಮೀರುವುದಿಲ್ಲ ಅಂತ ಫ್ರಾನ್ಸಿನ ಗೇಬ್ರಿಯಲ್ ಲಾಮೆ 1844ರಲ್ಲಿ ಸಾಧಿಸಿದರು. ಅಂದರೆ 200 ಅಂಕೆಗೆ ಹೆಚ್ಚೆಂದರೆ 1000 ಭಾಗಾಕಾರ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮಾಡಿದ ಕಾಂಪ್ಲೆಕ್ಸಿಟಿ ಲೆಕ್ಕ ಅದು.

ಅಪವರ್ತನ ಹುಡುಕುವುದಕ್ಕೆ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ನಡೆಯುವ ಪಾಲಿನಾಮಿಯಲ್ ವಿಧಾನ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದಷ್ಟೇ ಹೇಳುವುದಕ್ಕೆ ಸಿಕ್ಕಿದೆ. 2002ರಲ್ಲಿ ಕಾನ್ಪುರದ ಐಐಟಿಯಲ್ಲಿ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದನ್ನು ಕಂಡುಹಿಡಿದರು. ಅಪವರ್ತನ ಯಾವುದು ಅಂತ ಹೇಳದೆಯೇ, ಅಪವರ್ತನ ಇದೆ ಅಂತ ಮಾತ್ರ ಹೇಳುವ ವಿಧಾನ. ಮೊದಲ ಸಲ ಕೇಳಿದಾಗ ನನಗೆ ಇದು ವಿಚಿತ್ರ ಅನಿಸಿತ್ತು.

ಒಂದು ವಾರದಲ್ಲಿ ಬಿದ್ದ ಊಹೆ

ಗುಣಾಕಾರ ಎಲ್ಲರಿಗೂ ಗೊತ್ತು. ಎನ್ ಅಂಕೆಯ ಎರಡು ಸಂಖ್ಯೆಗಳನ್ನು ಶಾಲೆಯಲ್ಲಿ ಕಲಿತ ಹಾಗೆ ಗುಣಿಸಿದರೆ ಪ್ರತಿ ಅಂಕೆಯನ್ನೂ ಪ್ರತಿ ಅಂಕೆಯಿಂದ ಗುಣಿಸಬೇಕು. ಎನ್ ವರ್ಗ. 1960ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಸೆಮಿನಾರ್ ಒಂದರಲ್ಲಿ ದೊಡ್ಡ ಗಣಿತಜ್ಞ ಆಂದ್ರೇ ಕೊಲ್ಮೊಗೊರೊವ್ ಹೇಳಿದರು: ಇದಕ್ಕಿಂತ ಬೇಗ ಆಗುವುದಿಲ್ಲ ಅಂತ ನನ್ನ ಊಹೆ. ಸಾವಿರಾರು ವರ್ಷದಿಂದ ಜನ ಗುಣಿಸುತ್ತಾ ಬಂದಿದ್ದಾರೆ. ಸುಲಭದ ದಾರಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಸಿಕ್ಕಿರುತ್ತಿತ್ತು ಅನ್ನುವುದು ಸಹಜ ತಾನೆ? ಕೇಳುತ್ತಾ ಕೂತಿದ್ದ ಅನಾಟೊಲಿ ಕರತ್ಸುಬಾಗೆ ಆಗ 23 ವರ್ಷ. ಒಂದು ವಾರದೊಳಗೆ ಆತ ಆ ಊಹೆ ತಪ್ಪು ಅಂತ ತೋರಿಸಿದ.

ಉಪಾಯ ನೋಡಿ. 23ನ್ನು 14ರಿಂದ ಗುಣಿಸಬೇಕು. ಮಾಮೂಲಿ ರೀತಿಯಲ್ಲಿ ನಾಲ್ಕು ಗುಣಾಕಾರ: 2×1, 2×4, 3×1, 3×4. ಕರತ್ಸುಬಾ ಮೂರೇ ಮಾಡಿದ. ಹತ್ತರ ಸ್ಥಾನದವು 2×1 = 2. ಬಿಡಿ ಸ್ಥಾನದವು 3×4 = 12. ಮೂರನೆಯದಕ್ಕೆ ಪ್ರತಿ ಸಂಖ್ಯೆಯ ಅಂಕೆಗಳನ್ನು ಕೂಡಿ ಗುಣಿಸಿದ: 2+3 ಅಂದರೆ 5, 1+4 ಅಂದರೆ 5, 5×5 = 25. ಇದರಿಂದ ಆ 2 ಮತ್ತು 12 ಕಳೆದರೆ 11. ನಡುವೆ ಬರಬೇಕಾದದ್ದು ಇದೇ. 200 + 110 + 12 = 322. ಒಂದು ಗುಣಾಕಾರ ಉಳಿಯಿತು, ಎರಡು ಮೂರು ಕೂಡು–ಕಳೆ ಜಾಸ್ತಿಯಾಯಿತು.

ಒಂದು ಗುಣಾಕಾರ ಉಳಿಸಿ ಏನು ಮಹಾ ಸಿಕ್ಕಿತು? ಎರಡಂಕೆಗೆ ಏನೂ ಇಲ್ಲ. ಆದರೆ 1024 ಅಂಕೆಯ ಸಂಖ್ಯೆಯನ್ನು 512 ಅಂಕೆಯ ಎರಡು ತುಂಡು ಮಾಡಿ ಇದೇ ಉಪಾಯ ಹಾಕಬಹುದು. ಆ 512ರ ಗುಣಾಕಾರಗಳಿಗೆ ಮತ್ತೆ ಅದನ್ನೇ ಹಾಕಬಹುದು, ಹೀಗೆ ಒಂದಂಕೆ ಬರುವ ತನಕ. ಪ್ರತಿ ಹಂತದಲ್ಲೂ ನಾಲ್ಕರ ಬದಲು ಮೂರು. ಹತ್ತು ಹಂತ ಮುಗಿಯುವಾಗ 10,48,576 ಗುಣಾಕಾರಗಳ ಬದಲು 59,049. ಸಣ್ಣ ಉಳಿತಾಯ ಒಳಗೊಳಗೇ ಸೇರುತ್ತಾ ಹೋದದ್ದರ ಫಲ. ಡಿವೈಡ್ ಅಂಡ್ ಕಾಂಕರ್ ಅನ್ನುವ ವಿಧಾನದ ಜೀವ ಇದೇ, ಬರೀ ತುಂಡು ಮಾಡುವುದಲ್ಲ. ತುಂಡು ಮಾಡಿ ನಾಲ್ಕು ಗುಣಾಕಾರವನ್ನೂ ಮಾಡಿದರೆ ವಾಪಸ್ ಎನ್ ವರ್ಗಕ್ಕೇ ಬಂದು ನಿಲ್ಲುತ್ತೀರಿ. ಪರೀಕ್ಷೆಯಲ್ಲಿ ‘ಎರಡು ಭಾಗ ಮಾಡಿದ್ದೇನೆ, ಆದ್ದರಿಂದ ಬೇಗ’ ಅಂತ ಬರೆಯುವವರು ಇದನ್ನು ಒಂದು ಸಲ ಕೈಯಲ್ಲಿ ಮಾಡಿ ನೋಡಬೇಕು.

ಕೊಲ್ಮೊಗೊರೊವ್ ಇದನ್ನು ಪ್ರಬಂಧವಾಗಿ 1962ರಲ್ಲಿ ಕರತ್ಸುಬಾ ಹೆಸರು ಹಾಕಿ ಪ್ರಕಟಣೆಗೆ ಕೊಟ್ಟರು. ತನ್ನ ಊಹೆ ಬಿದ್ದದ್ದನ್ನು ಅವರೇ ಊರಿಗೆಲ್ಲ ಹೇಳಿದರು ಅನ್ನಿ. ಆಮೇಲೆ ಇನ್ನೂ ಬೇಗದ ವಿಧಾನಗಳು ಬಂದವು. 2019ರಲ್ಲಿ ಡೇವಿಡ್ ಹಾರ್ವಿ ಮತ್ತು ಯೋರಿಸ್ ಫಾನ್ ಡೆರ್ ಹೂವನ್ ಎನ್ ಲಾಗ್ ಎನ್ ತನಕ ಇಳಿಸಿದರು. ಅದಕ್ಕಿಂತ ಕೆಳಗೆ ಹೋಗಬಹುದಾ? ಯಾರೂ ಸಾಧಿಸಿಲ್ಲ, ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

ಆಸೆಬುರುಕ ವಿಧಾನ

ಡಿಸೈನಿನ ಇನ್ನೊಂದು ದಾರಿ ಗ್ರೀಡಿ. ಆ ಕ್ಷಣಕ್ಕೆ ಚೆಂದ ಕಂಡದ್ದನ್ನು ಎತ್ತಿಕೊಳ್ಳುವುದು, ಹಿಂದೆ ತಿರುಗಿ ನೋಡದೆ ಮುಂದೆ ಹೋಗುವುದು. ಒಂದು ಸಭಾಂಗಣ ಇದೆ, ಬೇಕು ಅಂತ ಅರ್ಜಿ ಹಾಕಿದ ಕಾರ್ಯಕ್ರಮಗಳು ಹಲವಾರು, ಪ್ರತಿಯೊಂದಕ್ಕೂ ಶುರುವಾಗುವ ಮುಗಿಯುವ ಹೊತ್ತು ಗೊತ್ತು. ಆದಷ್ಟು ಹೆಚ್ಚು ಕಾರ್ಯಕ್ರಮಕ್ಕೆ ಜಾಗ ಕೊಡಬೇಕು. ಮೊದಲು ಶುರುವಾಗುವುದನ್ನು ತೆಗೆದುಕೊಂಡರೆ? ಅದು ದಿನವಿಡೀ ನಡೆಯುವ ಕಾರ್ಯಕ್ರಮವಾದರೆ ಉಳಿದವರೆಲ್ಲ ಹೊರಗೆ. ಚಿಕ್ಕದನ್ನು ತೆಗೆದುಕೊಂಡರೆ? ಅದು ಎರಡು ಉದ್ದದ ಕಾರ್ಯಕ್ರಮಗಳ ನಡುವೆ ಕೂತು ಎರಡನ್ನೂ ಕೆಡಿಸಬಹುದು. ಸರಿಯಾದ ನಿಯಮ: ಎಲ್ಲಕ್ಕಿಂತ ಮೊದಲು ಮುಗಿಯುವುದನ್ನು ತೆಗೆದುಕೊಳ್ಳಿ, ಅದಕ್ಕೆ ಅಡ್ಡ ಬರುವುದನ್ನು ಬಿಡಿ, ಮತ್ತೆ ಅದೇ ಮಾಡಿ.

ಯಾಕೆ ಸರಿ? ಯಾರೋ ಒಬ್ಬರು ಅತ್ಯುತ್ತಮ ಪಟ್ಟಿ ತಂದಿದ್ದಾರೆ ಅಂದುಕೊಳ್ಳಿ. ಅದರ ಮೊದಲ ಕಾರ್ಯಕ್ರಮ ತೆಗೆದು ಆ ಜಾಗಕ್ಕೆ ನಮ್ಮದನ್ನು ಹಾಕಿ. ನಮ್ಮದು ಅದಕ್ಕಿಂತ ಮುಂಚೆಯೋ ಅದೇ ಹೊತ್ತಿಗೋ ಮುಗಿಯುತ್ತದೆ, ಹಾಗಾಗಿ ಮುಂದಿನ ಯಾವುದಕ್ಕೂ ತೊಂದರೆ ಆಗುವುದಿಲ್ಲ. ಎಣಿಕೆ ಅಷ್ಟೇ ಉಳಿಯಿತು. ಎರಡನೆಯದಕ್ಕೂ ಹೀಗೇ, ಮೂರನೆಯದಕ್ಕೂ ಹೀಗೇ. ಅವರ ಪಟ್ಟಿಯನ್ನು ಒಂದೂ ನಷ್ಟವಿಲ್ಲದೆ ನಮ್ಮದಾಗಿ ಬದಲಾಯಿಸಬಹುದು ಅಂದಮೇಲೆ ನಮ್ಮದೂ ಅತ್ಯುತ್ತಮವೇ. ಇಡೀ ಕೋರ್ಸಿನಲ್ಲಿ ನನಗೆ ಇಷ್ಟವಾದ ಸಾಧನೆ ಇದು. ನಾಲ್ಕು ಸಾಲು ಅಷ್ಟೇ.

ಗ್ರೀಡಿ ಕೈಕೊಡುವುದೇ ಜಾಸ್ತಿ. 1, 3, 4ರ ನಾಣ್ಯ ಮಾತ್ರ ಇವೆ, 6 ಕೊಡಬೇಕು. ದೊಡ್ಡದನ್ನು ಮೊದಲು ಎತ್ತಿಕೊಂಡರೆ 4, 1, 1, ಅಂದರೆ ಮೂರು ನಾಣ್ಯ. ಎರಡು 3 ಕೊಟ್ಟಿದ್ದರೆ ಎರಡರಲ್ಲೇ ಮುಗಿಯುತ್ತಿತ್ತು. ಇಂಥ ಕಡೆ ಡೈನಾಮಿಕ್ ಪ್ರೋಗ್ರಾಮಿಂಗ್ ಬೇಕು. ರಿಚರ್ಡ್ ಬೆಲ್‌ಮನ್ 1950ರ ದಶಕದಲ್ಲಿ ಇಟ್ಟ ಹೆಸರು. ಹೆಸರು ದೊಡ್ಡದು, ಕೆಲಸ ಸರಳ: 1ಕ್ಕೆ ಎಷ್ಟು ನಾಣ್ಯ, 2ಕ್ಕೆ ಎಷ್ಟು, 3ಕ್ಕೆ ಎಷ್ಟು ಅಂತ ಚಿಕ್ಕದರಿಂದ ಪಟ್ಟಿ ತುಂಬುತ್ತಾ ಬನ್ನಿ. 6ಕ್ಕೆ ಬಂದಾಗ 5, 3, 2ರ ಉತ್ತರ ಆಗಲೇ ಬರೆದಿಟ್ಟಿರುತ್ತದೆ. ಅವುಗಳಲ್ಲಿ ಚಿಕ್ಕದಕ್ಕೆ ಒಂದು ಸೇರಿಸಿದರೆ ಆಯಿತು. ಒಮ್ಮೆ ಮಾಡಿದ ಲೆಕ್ಕವನ್ನು ಮತ್ತೆ ಮಾಡಬೇಡಿ, ಬರೆದಿಡಿ. ಅಷ್ಟೇ.

ಆಗುವುದಿಲ್ಲ ಅಂತ ಹೇಳುವುದು

ಈಗ ಎರಡನೇ ಪ್ರಶ್ನೆ. ಐದು ವಸ್ತುಗಳನ್ನು ತೂಕದ ಕ್ರಮದಲ್ಲಿ ಜೋಡಿಸಬೇಕು. ಒಂದು ಸಲಕ್ಕೆ ಎರಡನ್ನು ಹೋಲಿಸಿ ಯಾವುದು ಭಾರ ಅಂತ ತಿಳಿಯಬಹುದು. ಎಷ್ಟು ಹೋಲಿಕೆ ಬೇಕು? ಐದು ವಸ್ತುಗಳಿಗೆ 120 ಕ್ರಮಗಳು ಸಾಧ್ಯ. ಪ್ರತಿ ಹೋಲಿಕೆಗೆ ಎರಡೇ ಉತ್ತರ. ಆರು ಹೋಲಿಕೆ ಮಾಡಿದರೆ ಉತ್ತರಗಳ ಸರಣಿ ಹೆಚ್ಚೆಂದರೆ 64 ರೀತಿ ಬರಬಹುದು. 64 ಉತ್ತರದಲ್ಲಿ 120 ಕ್ರಮಗಳನ್ನು ಬೇರ್ಪಡಿಸಲು ಆಗುವುದಿಲ್ಲ. ಆದ್ದರಿಂದ ಏಳಾದರೂ ಬೇಕು. ಎಷ್ಟೇ ಬುದ್ಧಿವಂತರು ಬರಲಿ, ಎಂಥ ಉಪಾಯ ತರಲಿ, ಹೋಲಿಸಿಯೇ ಜೋಡಿಸುವುದಾದರೆ ಆರರಲ್ಲಿ ಮುಗಿಸುತ್ತೇನೆ ಅಂದವರ ಮಾತು ಸುಳ್ಳು. ಅವರ ವಿಧಾನವನ್ನು ನೋಡುವುದೂ ಬೇಡ.

ಈ ಮಾತಿನ ತೂಕ ನನಗೆ ಅರ್ಥವಾಗಲು ಒಂದು ತಿಂಗಳು ಹಿಡಿಯಿತು. ಯಾವ ವಿಧಾನದ ಹೆಸರನ್ನೂ ಎತ್ತದೆ ಎಲ್ಲ ವಿಧಾನಗಳ ಬಗ್ಗೆ ತೀರ್ಪು ಕೊಟ್ಟಾಯಿತು. ಇದೇ ಲೆಕ್ಕವನ್ನು ಎನ್ ವಸ್ತುಗಳಿಗೆ ಹಾಕಿದರೆ ಎನ್ ಲಾಗ್ ಎನ್ ಬರುತ್ತದೆ. 1945ರಲ್ಲಿ ಜಾನ್ ಫಾನ್ ನಾಯ್ಮನ್ ಕೊಟ್ಟ ಮರ್ಜ್ ಸಾರ್ಟ್ ಅನ್ನುವ ಜೋಡಿಸುವ ವಿಧಾನ ಕೂಡ ಎನ್ ಲಾಗ್ ಎನ್. ಇಷ್ಟಾದರೂ ಬೇಕು ಅನ್ನುವ ಲೆಕ್ಕ, ಇಷ್ಟು ಸಾಕು ಅನ್ನುವ ವಿಧಾನ ಒಂದನ್ನೊಂದು ಮುಟ್ಟಿದವು. ಇಷ್ಟು ಚೊಕ್ಕಟವಾಗಿ ಮುಗಿಯುವ ಕತೆ ಈ ಕ್ಷೇತ್ರದಲ್ಲಿ ಕಡಿಮೆ. ಕೆಲವು ಪ್ರಶ್ನೆಗಳಿಗಂತೂ ಬೇಗದ್ದೋ ನಿಧಾನದ್ದೋ ಯಾವ ವಿಧಾನವೂ ಇಲ್ಲ. ಕೊಟ್ಟ ಪ್ರೋಗ್ರಾಮ್ ಎಂದಾದರೂ ನಿಲ್ಲುತ್ತದೆಯೇ ಅನ್ನುವ ಪ್ರಶ್ನೆ ಅಂಥದ್ದು ಅಂತ ತೋರಿಸಲು ಆಲನ್ ಟ್ಯೂರಿಂಗ್ 1936ರ ತಮ್ಮ ಪ್ರಬಂಧದಲ್ಲೇ ದಾರಿ ಹಾಕಿಕೊಟ್ಟಿದ್ದರು.

ಎರಡಕ್ಕೂ ಮೂರಕ್ಕೂ ನಡುವೆ

ಟೈಮ್‌ಟೇಬಲ್‌ಗೆ ವಾಪಸ್. ಎರಡೇ ಸ್ಲಾಟ್ ಇದ್ದರೆ, ಬೆಳಗ್ಗೆ ಮತ್ತು ಮಧ್ಯಾಹ್ನ, ಕೆಲಸ ಸಲೀಸು. ಒಂದು ಸಬ್ಜೆಕ್ಟನ್ನು ಬೆಳಗ್ಗೆ ಇಡಿ. ಅದಕ್ಕೆ ಕ್ಲ್ಯಾಶ್ ಆಗುವುದೆಲ್ಲ ಮಧ್ಯಾಹ್ನಕ್ಕೆ ಹೋಗಲೇಬೇಕು. ಅವುಗಳಿಗೆ ಕ್ಲ್ಯಾಶ್ ಆಗುವುದೆಲ್ಲ ಬೆಳಗ್ಗೆಗೆ. ಹೀಗೇ ಹೋಗುತ್ತಾ ಎಲ್ಲಾದರೂ ಡಿಕ್ಕಿಯಾದರೆ ಎರಡು ಸ್ಲಾಟ್ ಸಾಲದು, ಇಲ್ಲದಿದ್ದರೆ ಮುಗಿಯಿತು. ಎಲ್ಲೂ ಆಯ್ಕೆಯೇ ಇಲ್ಲ, ಅದಕ್ಕೇ ಬೇಗ. ಮೂರು ಸ್ಲಾಟ್ ಬಂದ ಕೂಡಲೇ ಪ್ರತಿ ಸಬ್ಜೆಕ್ಟಿಗೂ ಇಲ್ಲಿ ಇಡಲಾ ಅಲ್ಲಿ ಇಡಲಾ ಅನ್ನುವ ಆಯ್ಕೆ ಹುಟ್ಟುತ್ತದೆ. ತಪ್ಪಿದ್ದು ಮೂವತ್ತು ಹೆಜ್ಜೆ ಆದಮೇಲೆ ಗೊತ್ತಾಗುತ್ತದೆ. ಮೂರು ಸ್ಲಾಟಿನ ಪ್ರಶ್ನೆಗೆ ಪಾಲಿನಾಮಿಯಲ್ ವಿಧಾನ ಯಾರಿಗೂ ಗೊತ್ತಿಲ್ಲ.

ಆದರೂ ಒಂದು ಸಮಾಧಾನ. ಯಾರಾದರೂ ಟೈಮ್‌ಟೇಬಲ್ ಮಾಡಿ ತಂದರೆ ಅದು ಸರಿ ಇದೆಯಾ ಅಂತ ನೋಡುವುದು ಸುಲಭ. ಕ್ಲ್ಯಾಶ್ ಪಟ್ಟಿ ಹಿಡಿದು ಒಂದೊಂದೇ ಜೋಡಿ ನೋಡಿದರೆ ಸಾಕು. ಹೀಗೆ ಉತ್ತರ ಹುಡುಕುವುದು ಹೇಗೋ ಏನೋ, ಕೊಟ್ಟ ಉತ್ತರವನ್ನು ಪರೀಕ್ಷಿಸುವುದು ಬೇಗ ಆಗುವ ಪ್ರಶ್ನೆಗಳ ಗುಂಪೇ ಎನ್‌ಪಿ. ಎನ್ ಅಂದರೆ ‘ನಾನ್’, ಅಂದರೆ ಪಾಲಿನಾಮಿಯಲ್ ಅಲ್ಲದ್ದು ಅಂತ ಅರ್ಧ ಕ್ಲಾಸು ಅಂದುಕೊಂಡಿರುತ್ತದೆ. ಅಲ್ಲ. ಅದು ನಾನ್‌ಡಿಟರ್ಮಿನಿಸ್ಟಿಕ್, ಅಂದರೆ ಸರಿಯಾದ ಊಹೆ ಯಾರೋ ಕಿವಿಯಲ್ಲಿ ಹೇಳಿದರು ಅಂತ ಇಟ್ಟುಕೊಂಡು ಮುಂದುವರಿಯುವುದು. ಸುಲಭದ ಪ್ರಶ್ನೆಗಳೂ ಎನ್‌ಪಿ ಒಳಗೇ ಇವೆ. ಹುಡುಕುವುದೇ ಬೇಗ ಆಗುವಾಗ ಪರೀಕ್ಷಿಸುವುದಕ್ಕೆ ಕಷ್ಟ ಏನು?

1971ರಲ್ಲಿ ಸ್ಟೀಫನ್ ಕುಕ್ ಒಂದು ಪ್ರಶ್ನೆಯನ್ನು ತೋರಿಸಿದರು. ಚರಗಳಿಗೆ ಹೌದು ಅಥವಾ ಅಲ್ಲ ಅನ್ನುವ ಬೆಲೆ ತುಂಬಿ ಒಂದು ತರ್ಕದ ಸೂತ್ರವನ್ನು ನಿಜ ಮಾಡಬಹುದೇ ಅನ್ನುವುದು, ಚಿಕ್ಕದಾಗಿ ಸ್ಯಾಟ್. ಎನ್‌ಪಿಯ ಯಾವ ಪ್ರಶ್ನೆಯನ್ನೂ ಸ್ಯಾಟ್ ಪ್ರಶ್ನೆಯಾಗಿ ಬೇಗ ಬದಲಾಯಿಸಬಹುದು ಅಂತ ಅವರು ಸಾಧಿಸಿದರು. ಸ್ಯಾಟ್‌ಗೆ ಬೇಗದ ವಿಧಾನ ಸಿಕ್ಕರೆ ಎಲ್ಲಕ್ಕೂ ಸಿಕ್ಕ ಹಾಗೆ. ಸೋವಿಯತ್ ಒಕ್ಕೂಟದಲ್ಲಿ ಲಿಯೊನಿಡ್ ಲೆವಿನ್ ಇದೇ ಜಾಗಕ್ಕೆ ತಾವಾಗಿಯೇ ಬಂದಿದ್ದರು, ಅವರದು ಪ್ರಕಟವಾದದ್ದು 1973ರಲ್ಲಿ. ನಡುವೆ 1972ರಲ್ಲಿ ರಿಚರ್ಡ್ ಕಾರ್ಪ್ ಒಂದೇ ಪ್ರಬಂಧದಲ್ಲಿ 21 ಪ್ರಶ್ನೆಗಳು ಇಂಥವೇ ಅಂತ ತೋರಿಸಿದರು. ಬೇರೆ ಬೇರೆ ಕಷ್ಟ ಅಂದುಕೊಂಡಿದ್ದವೆಲ್ಲ ಒಂದೇ ಕಷ್ಟದ ವೇಷಗಳು ಅಂತಾಯಿತು. ಇವುಗಳಿಗೆ ಎನ್‌ಪಿ ಕಂಪ್ಲೀಟ್ ಅನ್ನುತ್ತಾರೆ. ನಮ್ಮ ಮೂರು ಸ್ಲಾಟಿನ ಟೈಮ್‌ಟೇಬಲ್ ಅವುಗಳಲ್ಲೊಂದು.

ಈ ಬದಲಾಯಿಸುವ ಕೆಲಸಕ್ಕೆ ರಿಡಕ್ಷನ್ ಅನ್ನುತ್ತಾರೆ. ಕೋರ್ಸಿನಲ್ಲಿ ಅತಿ ಹೆಚ್ಚು ಅಂಕ ಹೋಗುವುದು ಇದರಲ್ಲೇ. ನನ್ನವೂ ಹೋದವು.

ಮೂರು ಸ್ಲಾಟಿನ ಪ್ರಶ್ನೆ ಕಷ್ಟ ಅಂತ ಗೊತ್ತಿದೆ. ನಾಲ್ಕು ಸ್ಲಾಟಿನದೂ ಕಷ್ಟ ಅಂತ ತೋರಿಸಬೇಕು. ಏನು ಮಾಡೋಣ? ಮೂರು ಸ್ಲಾಟಿನ ಒಂದು ಪ್ರಶ್ನೆ ತೆಗೆದುಕೊಳ್ಳಿ. ಅದಕ್ಕೆ ಒಂದು ಹೊಸ ಸಬ್ಜೆಕ್ಟ್ ಸೇರಿಸಿ, ಎಲ್ಲರಿಗೂ ಕಡ್ಡಾಯ ಮಾಡಿ. ಅದು ಎಲ್ಲದಕ್ಕೂ ಕ್ಲ್ಯಾಶ್ ಆಗುತ್ತದೆ, ಹಾಗಾಗಿ ಒಂದು ಸ್ಲಾಟನ್ನು ಅದೊಂದೇ ನುಂಗುತ್ತದೆ. ಉಳಿದವು ಮೂರರಲ್ಲಿ ಹಿಡಿಯುತ್ತವೆ ಅಂದರೆ ಒಟ್ಟು ನಾಲ್ಕರಲ್ಲಿ ಆಗುತ್ತದೆ. ನಾಲ್ಕರಲ್ಲಿ ಆಗುತ್ತದೆ ಅಂದರೆ ಉಳಿದವು ಮೂರರಲ್ಲಿ ಹಿಡಿದಿವೆ. ಯಾರ ಹತ್ತಿರವಾದರೂ ನಾಲ್ಕು ಸ್ಲಾಟಿನದನ್ನು ಬೇಗ ಬಿಡಿಸುವ ಯಂತ್ರ ಇದ್ದರೆ, ಈ ಉಪಾಯದಿಂದ ಮೂರು ಸ್ಲಾಟಿನದನ್ನೂ ಅದರಿಂದಲೇ ಬಿಡಿಸಬಹುದು. ಅದಕ್ಕೇ ನಾಲ್ಕು ಸ್ಲಾಟಿನದು ಮೂರಕ್ಕಿಂತ ಸುಲಭ ಆಗಿರಲು ಸಾಧ್ಯವಿಲ್ಲ.

ಕಷ್ಟ ಅಂತ ಗೊತ್ತಿರುವುದರಿಂದ ಹೊರಟು ಹೊಸದಕ್ಕೆ ಬರಬೇಕು. ನಾನು ಪರೀಕ್ಷೆಯಲ್ಲಿ ಉಲ್ಟಾ ಹೋದೆ. ಹೊಸ ಪ್ರಶ್ನೆಯನ್ನು ತಗೊಂಡು, ಎರಡು ಪುಟ ಕಷ್ಟಪಟ್ಟು, ಅದನ್ನು ಸ್ಯಾಟ್ ಆಗಿ ಬದಲಾಯಿಸಿದೆ. ‘ಸ್ಯಾಟ್ ಕಷ್ಟ, ಆದ್ದರಿಂದ ಇದೂ ಕಷ್ಟ’ ಅಂತ ಕೆಳಗೆ ಗೆರೆ ಎಳೆದೆ. ಹತ್ತಕ್ಕೆ ಸೊನ್ನೆ. ಎನ್‌ಪಿಯಲ್ಲಿರುವ ಎಲ್ಲವೂ ಸ್ಯಾಟ್ ಆಗಿ ಬದಲಾಗುತ್ತವೆ ಅನ್ನುವುದೇ ಅಲ್ವಾ ಕುಕ್ ಹೇಳಿದ್ದು? ಎರಡು ಸ್ಲಾಟಿನ ಟೈಮ್‌ಟೇಬಲನ್ನೂ ಸ್ಯಾಟ್ ಮಾಡಬಹುದು. ಅದರಿಂದ ಅದು ಕಷ್ಟದ್ದಾಗುವುದಿಲ್ಲ. ಸುಲಭದ ಕೆಲಸವನ್ನು ಸುತ್ತು ಬಳಸಿ ಮಾಡಬಹುದು ಅಂತ ಮಾತ್ರ ನಾನು ಎರಡು ಪುಟದಲ್ಲಿ ಸಾಧಿಸಿದ್ದೆ. ಆಮೇಲಿಂದ ರಿಡಕ್ಷನ್ ಬರೆಯುವ ಮುಂಚೆ ಪುಟದ ಮೇಲೆ ಒಂದು ಸಾಲು ಬರೆದುಕೊಳ್ಳುತ್ತೇನೆ: ಯಾರ ಯಂತ್ರ ಬಳಸಿ ಯಾರ ಕೆಲಸ ಮಾಡುತ್ತಿದ್ದೇನೆ?

ಇಷ್ಟೆಲ್ಲ ಆದಮೇಲೂ ‘ಕಷ್ಟ’ ಅನ್ನುವ ಮಾತು ಸಾಲದ ಮೇಲೆ ನಿಂತಿದೆ. ಸ್ಯಾಟ್‌ಗೆ ಬೇಗದ ವಿಧಾನ ಇಲ್ಲವೇ ಇಲ್ಲ ಅಂತ ಯಾರೂ ಸಾಧಿಸಿಲ್ಲ. ಐದು ವಸ್ತುಗಳ ಹೋಲಿಕೆಗೆ ಮಾಡಿದಂಥ ಲೆಕ್ಕ ಇಲ್ಲಿ ನಡೆಯುತ್ತಿಲ್ಲ. 1956ರಲ್ಲೇ ಕುರ್ಟ್ ಗೋಡೆಲ್ ಫಾನ್ ನಾಯ್ಮನ್‌ಗೆ ಬರೆದ ಒಂದು ಪತ್ರದಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳಿದ್ದರು. ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಇದಕ್ಕೆ 10 ಲಕ್ಷ ಡಾಲರ್ ಬಹುಮಾನ ಇಟ್ಟಿತು. ಬಹುಮಾನ ಅಲ್ಲೇ ಇದೆ. ಪಿ ಮತ್ತು ಎನ್‌ಪಿ ಬೇರೆ ಬೇರೆ ಅಂತ ಬಹುತೇಕ ಸಂಶೋಧಕರು ನಂಬಿದ್ದಾರೆ. ಕರತ್ಸುಬಾ ಕತೆ ಗೊತ್ತಿದ್ದವರು ‘ನಂಬಿದ್ದಾರೆ’ ಅನ್ನುವ ಮಾತನ್ನು ಸ್ವಲ್ಪ ಹುಷಾರಾಗಿಯೇ ಹೇಳುತ್ತಾರೆ.

ಕಷ್ಟ ಅಂತ ಗೊತ್ತಾದ ಮೇಲೆ

ಎನ್‌ಪಿ ಕಂಪ್ಲೀಟ್ ಅಂತ ಬರೆದು ಪೆನ್ನು ಕೆಳಗಿಡುವುದು ಪರೀಕ್ಷೆಯಲ್ಲಿ ಮಾತ್ರ. ಕೆಲಸ ಅಂತೂ ಆಗಬೇಕು. ಆ ಹೆಸರು ಹೇಳುವುದು ಎಲ್ಲ ಇನ್‌ಪುಟ್‌ಗಳಿಗೂ, ಪಕ್ಕಾ ಉತ್ತರ, ಬೇಗ, ಈ ಮೂರೂ ಒಟ್ಟಿಗೆ ಸಿಗುವ ಭರವಸೆ ಇಲ್ಲ ಅಂತ. ಒಂದನ್ನು ಬಿಟ್ಟರೆ ದಾರಿ ಇದೆ. ಇವತ್ತಿನ ಸ್ಯಾಟ್ ಸಾಲ್ವರ್‌ಗಳು ಲಕ್ಷಗಟ್ಟಲೆ ಚರಗಳಿರುವ ಸೂತ್ರಗಳನ್ನು ಎಷ್ಟೋ ಸಲ ಸಲೀಸಾಗಿ ಬಿಡಿಸುತ್ತವೆ. ಎಲ್ಲ ಊರುಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಅತಿ ಚಿಕ್ಕ ದಾರಿ ಹುಡುಕುವುದೂ ಎನ್‌ಪಿ ಕಂಪ್ಲೀಟ್ ಪ್ರಶ್ನೆಗಳಷ್ಟಾದರೂ ಕಷ್ಟದ್ದೇ. ಆದರೂ ಚಿಪ್ ತಯಾರಿಕೆಯಿಂದ ಬಂದ 85,900 ಬಿಂದುಗಳ ಒಂದು ಪ್ರಶ್ನೆಗೆ 2006ರಲ್ಲಿ ಪಕ್ಕಾ ಉತ್ತರ ಸಿಕ್ಕಿತು.

ಪಕ್ಕಾ ಅನ್ನುವುದನ್ನೂ ಬಿಡಬಹುದು. ಕೆಲವು ಸಬ್ಜೆಕ್ಟ್‌ಗಳನ್ನು ತೆಗೆದುಹಾಕಿ ಉಳಿದವುಗಳಲ್ಲಿ ಒಂದೂ ಕ್ಲ್ಯಾಶ್ ಇಲ್ಲದಂತೆ ಮಾಡಬೇಕು, ತೆಗೆಯುವುದು ಆದಷ್ಟು ಕಡಿಮೆ ಇರಬೇಕು ಅಂತ ಕೇಳಿದರೆ ಅದೂ ಕಷ್ಟದ ಪ್ರಶ್ನೆ. ಆದರೆ ಒಂದು ಸೋಮಾರಿ ವಿಧಾನ ಇದೆ: ಕ್ಲ್ಯಾಶ್ ಆಗುವ ಯಾವುದಾದರೂ ಜೋಡಿ ಕಂಡರೆ ಎರಡನ್ನೂ ತೆಗೆಯಿರಿ, ಮುಂದಿನ ಜೋಡಿ ಹುಡುಕಿ. ಅತ್ಯುತ್ತಮ ಉತ್ತರವೂ ಪ್ರತಿ ಜೋಡಿಯಿಂದ ಒಂದನ್ನಾದರೂ ತೆಗೆಯಲೇಬೇಕಿತ್ತು. ಹಾಗಾಗಿ ನಮ್ಮದು ಅದರ ಎರಡು ಪಟ್ಟನ್ನು ಎಂದೂ ದಾಟುವುದಿಲ್ಲ. ಆ ಅತ್ಯುತ್ತಮ ಉತ್ತರ ಎಷ್ಟು ಅಂತ ಗೊತ್ತಿಲ್ಲದೆಯೇ ಈ ಮಾತು ಹೇಳಬಹುದು.

ಸ್ಲಾಟ್‌ಗಳ ಪ್ರಶ್ನೆಗೆ ಇಷ್ಟೂ ಅದೃಷ್ಟ ಇಲ್ಲ. ಪಿ ಮತ್ತು ಎನ್‌ಪಿ ಬೇರೆ ಆಗಿದ್ದರೆ, ಅತ್ಯುತ್ತಮದ ಎರಡು ಪಟ್ಟು, ಹತ್ತು ಪಟ್ಟು ಅಂತ ಯಾವ ಭರವಸೆಯನ್ನೂ ಬೇಗದ ವಿಧಾನ ಕೊಡಲಾರದು ಅಂತ ಸಾಧಿಸಿಯಾಗಿದೆ. ಆಫೀಸಿನಲ್ಲಿ ಮಾಡುವುದು ಗ್ರೀಡಿಯೇ. ಹೆಚ್ಚು ಕ್ಲ್ಯಾಶ್ ಇರುವ ಸಬ್ಜೆಕ್ಟನ್ನು ಮೊದಲು ಹಿಡಿದು, ಖಾಲಿ ಇರುವ ಮೊದಲ ಸ್ಲಾಟಿಗೆ ಹಾಕುತ್ತಾ ಹೋಗುವುದು. 11 ಸ್ಲಾಟ್‌ಗಳಲ್ಲಿ ಮುಗಿಯಿತು ಅಂದುಕೊಳ್ಳಿ. ಹತ್ತರಲ್ಲಿ ಆಗುತ್ತಿತ್ತಾ? ಒಂದಕ್ಕೊಂದು ಪೂರ್ತಿ ಕ್ಲ್ಯಾಶ್ ಆಗುವ 11 ಸಬ್ಜೆಕ್ಟ್ ಸಿಕ್ಕಿದ್ದರೆ ಆಗುತ್ತಿರಲಿಲ್ಲ ಅಂತ ಎದೆ ತಟ್ಟಿ ಹೇಳಬಹುದಿತ್ತು. ಹುಡುಕಿದರೆ ಸಿಗುವುದು ಹತ್ತರ ಗುಂಪು. ಅದರಿಂದ ಹತ್ತು ಸಾಕು ಅಂತಲೂ ಹೇಳುವಂತಿಲ್ಲ. ಐದು ಸಬ್ಜೆಕ್ಟ್‌ಗಳು ದುಂಡಗೆ ನಿಂತು ಪ್ರತಿಯೊಂದೂ ಅಕ್ಕಪಕ್ಕದವುಗಳಿಗೆ ಮಾತ್ರ ಕ್ಲ್ಯಾಶ್ ಆದರೆ, ಮೂರರ ಗುಂಪು ಎಲ್ಲೂ ಇಲ್ಲದಿದ್ದರೂ ಮೂರು ಸ್ಲಾಟ್ ಬೇಕು. ಬೆಳಗ್ಗೆ, ಮಧ್ಯಾಹ್ನ, ಬೆಳಗ್ಗೆ, ಮಧ್ಯಾಹ್ನ ಅಂತ ಇಡುತ್ತಾ ಬಂದರೆ ಐದನೆಯದು ಎರಡೂ ಕಡೆ ಡಿಕ್ಕಿ ಹೊಡೆಯುತ್ತದೆ. ದೊಡ್ಡ ಪಟ್ಟಿಯೊಳಗೆ ಇಂಥದ್ದು ಎಲ್ಲಿ ಹೇಗೆ ಅಡಗಿದೆಯೋ ನೋಡುತ್ತಾ ಕೂತರೆ ಪರೀಕ್ಷೆಯೇ ಮುಗಿದುಹೋಗುತ್ತದೆ. 11 ಸ್ಲಾಟಿನದನ್ನೇ ನೋಟಿಸ್ ಬೋರ್ಡಿಗೆ ಹಾಕುತ್ತಾರೆ.